ಖರೇ ಹವಳ ನೋಡಲಿಕ್ಕೆ ಮಾರಿಷಸ್ಸಿಗೆ

ಬ್ಯಾಡಗಿ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುವವನು ಚೀಲದ ಬಾಯಿ ನೋಡಿ ದರ ಹೇಳಿದರೆ ಆತ ಲಗೂನೇ ಅಂಗಡಿ ಮುಚ್ಚಬೇಕಾಗುತ್ತದೆ. ಬಾಯಲ್ಲಿ ಯಾವಾಗಲೂ ಚಂದದ ಮಾಲೇ ಇರುತ್ತದೆ. ತೋಳನ್ನು ಮೊಳಕೈವರೆಗೆ ಒಳಗಿಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಮುರಿದು, ಮೂಸಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿಗೆ ತಂದು ಮತ್ತೊಮ್ಮೆ ನೋಡಬೇಕು. ನನ್ನಪ್ಪ ಹಾಗೇ ಮಾಡುತ್ತಿದ್ದ, ನಾನೂ ಹಾಗೇ ಮಾಡುತ್ತೇನೆ. ನೀರು ಹೊಡೆದ ಕಾಯಿ, ಎಣ್ಣೆ ಸವರಿದ ಕಾಯಿ, ಬೇರೆ ಸೀಮೆಯಿಂದ ಬಂದು ನಮ್ಮೂರಿನ ಹೆಸರು ಹೇಳುವ ಕಾಯಿ, ಎಲ್ಲವೂ ನನ್ನ ಕೈಗೆ ಸಿಕ್ಕಿದ್ದು ತಳದಲ್ಲೇ.

ಈ ಚಟ ಅಂಗಡಿಯಲ್ಲೇ ಉಳಿದಿದ್ದರೆ ಚಲೋ ಇತ್ತು. ಹೋಟೆಲ್ಲಿನಲ್ಲಿ ಇಡ್ಲಿ ಬಂದರೆ ತಿರುವಿ ನೋಡುತ್ತೇನೆ. ಬೀಗರ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಿಡಿಸಿ ಹೂರಣ ಮೂಸಿ ನಮ್ಮಾಕಿಯಿಂದ ಬೈಸಿಕೊಂಡಿದ್ದೇನೆ. ನನ್ನ ಬಗ್ಗೆ ಇಷ್ಟು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮಾರಿಷಸ್ಸಿನಂಥ ಚಂದದ ದೇಶಕ್ಕೆ ಹೋಗಿ ಬಂದವನು ಯಾಕೆ ಹೀಗೆ ಬರೆಯುತ್ತಾನೆ ಎಂದು ಓದುವವರಿಗೆ ಅನಿಸೀತು.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ರಾಣೇಬೆನ್ನೂರಿನಿಂದ ಮಗಳು ಮತ್ತು ಅಳಿಯ ಬಂದು, ಇಬ್ಬರೂ ಎಲ್ಲಾದರೂ ತಿರುಗಾಡಿ ಬರ್ರಿ ಎಂದು ಕುಂತರು. ನಾನು ಕಾಗಿನೆಲೆಗೆ ಹೋಗಿಬರೋಣ ಎಂದೆ. ಮುಂಜಾನೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿರಬಹುದು. ಮಗಳು ನಕ್ಕಳು. ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮಾಕಿ, ನೀಲಮ್ಮ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಹವಳ ಬೆಳಿಯೂ ಸಮುದ್ರ ಎಲ್ಲೈತಿ? ಒಮ್ಮೆ ನೋಡಬೇಕು ಅನ್ನಿಸೇತಿ."

ತವರೂರು ಅಗಡಿಯಿಂದ ನಮ್ಮ ಮನೆ ತುಂಬಿದ ದಿನದಿಂದ ಈಕೆ ತನಗಾಗಿ ಏನೂ ಕೇಳಿದವಳಲ್ಲ. ಸೀರೆ ನಾನು ತಂದದ್ದನ್ನು ಉಟ್ಟಳು. ದೂರದ ಊರೆಂದರೆ ಅವಳಿಗೆ ಹುಬ್ಬಳ್ಳಿ. ಅಂಥವಳು ಒಮ್ಮೆಲೇ ಸಮುದ್ರದಾಚೆಯದನ್ನು ಕೇಳಿದ್ದಳು. ಅದೂ ಹವಳ. ಹವಳ ಎಂದರೆ ನನಗೆ ಗೊತ್ತಿದ್ದದ್ದು ಅವಳ ತಾಳಿಯಲ್ಲಿದ್ದ ಎರಡು ಕೆಂಪು ಮಣಿ. ನಮ್ಮ ಮನೆತನದಲ್ಲಿ ತಾಳಿ, ಗುಂಡು ಗಂಡಿನ ಕಡೆಯವು, ಅವುಗಳ ಎರಡೂ ಬದಿಗೆ ಪೋಣಿಸುವ ಹವಳ ಹೆಣ್ಣಿನ ತವರಿನವು. ತವರಿನ ನೆರಳು ಕೊರಳಲ್ಲಿರಲಿ ಎಂದು ಹಿರಿಯರು ಮಾಡಿದ್ದು.

ಯಾಕೆ ಎಂದು ಕೇಳಿದೆ. "ಸುಮ್ನ" ಎಂದಳು.

ಪೇಟೆಯಲ್ಲಿ ಯಾರಾದರೂ ಸುಮ್ನ ಎಂದರೆ ನಾನು ಆ ಚೀಲವನ್ನು ಪೂರ್ತಿ ಸುರುವಿಸಿ ನೋಡುವವನು. ಟೀವಿಯಲ್ಲಿ ಏನೋ ನೋಡಿರಬೇಕು ಎಂದುಕೊಂಡೆ. ಮಗಳು ಕಲಿಸಿಕೊಟ್ಟ ಮಾತಿರಬೇಕು ಎಂದುಕೊಂಡೆ. ಯಾರೋ ಜ್ಯೋತಿಷಿ ಹರಕೆ ಹೇಳಿರಬಹುದು ಎಂತಲೂ ಅನಿಸಿತು. ಯಾವುದೂ ಸರಿಹೊಂದಲಿಲ್ಲ. ಕಡೆಗೆ ನಾನು ಹೊರಟದ್ದು ಸಮುದ್ರ ನೋಡಲಿಕ್ಕಲ್ಲ, ಈಕೆ ಹವಳ ನೋಡಬೇಕೆಂದದ್ದು ಯಾಕೆ ಎಂಬುದನ್ನು ತಿಳಿಯಲಿಕ್ಕೆ.

ರಾಣೇಬೆನ್ನೂರು

ಅಳಿಯ ಬಸವರಾಜನದು ರಾಣೇಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ. ತಾಸಿನ ಲೆಕ್ಕದಲ್ಲಿ ಇಂಟರ್ನೆಟ್ ನೋಡಲಿಕ್ಕೆ ಜನ ಬರುತ್ತಾರೆ. ಸೀಜನ್ ಮುಗಿದು ಪೇಟೆ ಖಾಲಿಯಾದ ಮೇಲೆ ನಾನೂ ನೀಲಮ್ಮನೂ ವಾರವಾರವೂ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು ಸಮುದ್ರ ನೋಡತೊಡಗಿದೆವು.

ಮೊದಲ ಚಿತ್ರ ಬಂದಾಗಲೇ ನನಗೆ ನಂಬಿಕೆ ಹೋಯಿತು. ಅಂಥ ನೀಲಿ ನೀರು ಈ ಲೋಕದಲ್ಲಿರುವುದು ಸಾಧ್ಯವಿಲ್ಲ. ಚಲೋ ಮಾಲು ಎಂದೂ ಅಷ್ಟು ಹೊಳೆಯುವುದಿಲ್ಲ, ಹೊಳೆದರೆ ಏನೋ ಸವರಿದ್ದಾರೆ ಎಂದೇ ಅರ್ಥ. ಆ ದಂಡೆಯ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ. ಅಷ್ಟು ಚಂದದ ಜಾಗವಾದರೆ ಜನ ಯಾಕಿಲ್ಲ ಎಂದು ಕೇಳಿದೆ. ಇನ್ನೊಂದು ಚಿತ್ರದಲ್ಲಿ ಜನರಿದ್ದರು, ಆದರೆ ಎಲ್ಲರೂ ನಗುತ್ತಿದ್ದರು. ಪ್ರವಾಸಕ್ಕೆ ಹೋದವರು ಎಲ್ಲರೂ ಒಮ್ಮೆಗೇ ನಗುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಬ್ಯಾಗು ಕಳೆದವನು ಒಬ್ಬನಾದರೂ ಇರಲೇಬೇಕು.

ಹವಳದ ದ್ವೀಪಗಳು ಬಹಳ ಇವೆ ಎಂದು ಅಳಿಯ ಒಂದೊಂದಾಗಿ ತೋರಿಸಿದ. ಒಂದರಲ್ಲಿ ಮೂರು ಹೊತ್ತೂ ಮೀನೇ ಊಟವೆಂದು ತಿಳಿದು ಲಿಂಗವಂತರಾದ ನಾವು ಬಿಟ್ಟೆವು. ಇನ್ನೊಂದಕ್ಕೆ ಹೋಗಲಿಕ್ಕೆ ಸಣ್ಣ ವಿಮಾನವೊಂದು ನೀರಿನ ಮೇಲೇ ಇಳಿಯುತ್ತದಂತೆ. ನೀರಿನ ಮೇಲೆ ಇಳಿಯುವುದಕ್ಕೂ ನೀರಿನೊಳಗೆ ಇಳಿಯುವುದಕ್ಕೂ ನಡುವೆ ಅಂತರ ಎಷ್ಟು ಎಂದು ಕೇಳಿದ್ದಕ್ಕೆ ಅಳಿಯ ಮುಂದಿನ ಚಿತ್ರಕ್ಕೆ ಹೋದ. ಕಡೆಗೆ ಮಾರಿಷಸ್ ಬಂತು. ಹಿಂದೆ ನಮ್ಮ ದೇಶದವರೇ ಕಬ್ಬಿನ ಹೊಲಕ್ಕೆ ದುಡಿಯಲು ಹೋಗಿ ನೆಲೆಸಿದ ನಾಡು, ಅನ್ನ ರೊಟ್ಟಿ ಸಿಗುತ್ತದೆ, ಹಿಂದಿಯೂ ನಡೆಯುತ್ತದೆ ಎಂದ. ಮುಂಬೈಯಿಂದ ಬರುವ ಖರೀದಿದಾರರ ಸಂಗಡ ಜಗಳಾಡಿ ಕಲಿತ ಹಿಂದಿ ನನ್ನಲ್ಲಿತ್ತು.

ನೀಲಮ್ಮ ಇಷ್ಟು ದಿನದಲ್ಲಿ ಕೇಳಿದ್ದು ಒಂದೇ ಮಾತು. ಅಲ್ಲಿಯ ಹವಳ ಸತ್ತವೋ ಜೀವಂತ ಇದ್ದಾವೋ ಎಂದು. ಜೀವಂತ ಎಂದ ಅಳಿಯ. ತಳ ಕಾಣುವ ಗಾಜಿನ ದೋಣಿಯಲ್ಲಿ ಕೂರಿಸಿ ತೋರಿಸುತ್ತಾರಂತೆ. ಆಗ ಅವಳ ಕೈ ಸೆರಗಿನೊಳಗೆ ಹೋಗಿ ತಾಳಿ ಹಿಡಿಯಿತು. ನಾನು ಅದನ್ನೂ ನೋಡಿಟ್ಟುಕೊಂಡೆ.

ಟಿಕೆಟ್ಟು ಕೊಡಿಸುವ ಹುಬ್ಬಳ್ಳಿಯ ಏಜೆಂಟನ ಮೇಲೂ ನನಗೆ ಸಂಶಯವಿತ್ತು. ಕಾರಣವೆಂದರೆ ಆತ ನನ್ನ ಎಲ್ಲ ಪ್ರಶ್ನೆಗಳಿಗೂ ಹೌದು ಎನ್ನುತ್ತಿದ್ದ. ಹೋಟೆಲ್ಲಿನ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ? ಹೌದು. ಬೆಟ್ಟ ಕಾಣುತ್ತದೆಯೇ? ಹೌದು. ರಾಣೇಬೆನ್ನೂರಿನ ಪಕ್ಕದ ನಮ್ಮ ದೇವರಗುಡ್ಡ ಕಾಣುತ್ತದೆಯೇ ಎಂದು ಕೇಳಬೇಕೆಂದಿದ್ದೆ, ಅಳಿಯ ಫೋನು ಕಸಿದುಕೊಂಡ.

"ಮಾವಾರ, ಹೋಗಿ ಸಮುದ್ರದ ತಳಕ್ಕ ನೀವ ಕೈ ಹಾಕಿ ನೋಡಿ ಬರ್ರಿ. ಇಲ್ಲಿ ಕುಂತು ನಾ ಎಷ್ಟಂತ ತೋರಸ್ಲಿ?"

ಅಲ್ಲಿಂದ ತಳದ ಮಾಲು ತಂದು ನಿಮ್ಮ ಟೇಬಲ್ಲಿನ ಮೇಲೆ ಇಡುತ್ತೇನೆ ಎಂದೆ ನಾನು. ಚೇಷ್ಟೆಯ ಮಾತಲ್ಲ ಅದು.

ದ್ವೀಪ

ವಿಮಾನದಲ್ಲಿ ನಡೆದದ್ದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ನೀರಿಗೆ ಬಿದ್ದರೆ ತೊಡುವ ಅಂಗಿ ಸೀಟಿನ ತಳದಲ್ಲಿದೆ ಎಂದು ಗಗನಸಖಿ ಕೈ ತಿರುವಿ ತಿರುವಿ ಹೇಳಿದಳು. ಇದೆಯೋ ಇಲ್ಲವೋ ನೋಡಬೇಕಲ್ಲ. ಕೈ ಹಾಕಿ ಎಳೆದೆ. ಇತ್ತು. ಮತ್ತೆ ಒಳಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ನೀಲಮ್ಮ ನನ್ನ ಪರಿಚಯವಿಲ್ಲದವಳ ಹಾಗೆ ಕಿಟಕಿ ಕಡೆ ಮುಖ ಮಾಡಿದಳು.

ಮಾರಿಷಸ್ಸಿನಲ್ಲಿ ಮೊದಲು ಕಂಡದ್ದು ಸಮುದ್ರವಲ್ಲ, ಕಬ್ಬು. ರಸ್ತೆಯ ಎರಡೂ ಕಡೆ ಕಬ್ಬು. ಹೊಲದ ನಡುನಡುವೆ ಕರಿ ಕಲ್ಲಿನ ದೊಡ್ಡ ರಾಶಿ. ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ನನಗೆ ಅನಿಸಿತು. ಟ್ಯಾಕ್ಸಿಯವನನ್ನು ಕೇಳಿದರೆ, ನೆಲದ ತುಂಬ ಕಲ್ಲಿದ್ದವು, ನಮ್ಮ ಅಜ್ಜ ಮುತ್ತಜ್ಜಂದಿರು ಕೈಯಿಂದ ಆರಿಸಿ ರಾಶಿ ಹಾಕಿದರು, ಆಮೇಲೆ ಕಬ್ಬು ಹಚ್ಚಿದರು ಎಂದ. ಅವನ ಮುತ್ತಜ್ಜ ಬಿಹಾರದ ಕಡೆಯಿಂದ ಬಂದವನು. ಆ ರಾಶಿಗಳನ್ನು ಆಮೇಲೆ ನೋಡಿದಾಗಲೆಲ್ಲ ಎದೆ ಭಾರವಾಯಿತು. ನೀಲಮ್ಮ ಒಂದು ರಾಶಿಗೆ ಕೈಮುಗಿದಳು.

ಅಲ್ಲಿಯ ಜನರ ಒಂದು ಪದ್ಧತಿ ನನಗೆ ಕಡೆಯವರೆಗೂ ಸರಿ ಬರಲಿಲ್ಲ. ಅಂಗಡಿಗೆ ಕಾಲಿಟ್ಟರೆ ಮೊದಲು ನಮಸ್ಕಾರ ಹೇಳಬೇಕು, ಆಮೇಲೆ ಬೇಕಾದ್ದು ಕೇಳಬೇಕು. ನಾನು ನೇರವಾಗಿ ಬಾಳೆಹಣ್ಣು ಎಂದರೆ ಅಂಗಡಿಯವಳು ನನ್ನ ಮುಖ ನೋಡಿ, ನಮಸ್ಕಾರ ಎಂದು ತಾನೇ ಹೇಳಿ ಕಾಯುತ್ತಿದ್ದಳು. ನಮ್ಮ ಪೇಟೆಯಲ್ಲಿ ಅಷ್ಟು ಮರ್ಯಾದೆ ಕೊಡುವವನು ಸಾಮಾನ್ಯವಾಗಿ ತೂಕದಲ್ಲಿ ಏನೋ ಮಾಡಿರುತ್ತಾನೆ. ಹಣ್ಣನ್ನು ಹೋಟೆಲ್ಲಿಗೆ ಒಯ್ದು ಒಂದೊಂದೂ ತಿರುವಿ ನೋಡಿದೆ. ಎಲ್ಲವೂ ಚಲೋ ಇದ್ದವು.

ಬೀದಿಯಲ್ಲಿ ಬೇಳೆ ತುಂಬಿದ ತೆಳ್ಳನೆಯ ರೊಟ್ಟಿ ಮಾರುತ್ತಿದ್ದರು. ಹೋಳಿಗೆಯದೇ ತಂಗಿ, ಬೆಲ್ಲ ಮಾತ್ರ ಇಲ್ಲ. ಅದರ ಮೇಲೆ ಹಸಿಮೆಣಸಿನಕಾಯಿಯ ಚಟ್ನಿ ಸವರಿ ಸುತ್ತಿ ಕೊಟ್ಟರು. ನಾನು ಎಲ್ಲಿಂದ ಬಂದವನೆಂದು ತಿಳಿಯದ ಆ ಮುದುಕಿ, ಖಾರ ಜಾಸ್ತಿ, ನಿಮಗೆ ಆಗಲಿಕ್ಕಿಲ್ಲ ಎಂದು ಎಚ್ಚರಿಸಿದಳು. ಬ್ಯಾಡಗಿಯವನಿಗೆ ಹೀಗೆ ಹೇಳುವುದೇ ಎಂದು ಎರಡು ತಿಂದೆ. ಆ ಮೇಲಿನ ಅರ್ಧ ದಿನ ನಾನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬಣ್ಣ ಕೊಡುವ ನಮ್ಮ ಕಾಯಿಗೂ ಉರಿ ಕೊಡುವ ಅವರ ಕಾಯಿಗೂ ಇರುವ ಅಂತರವನ್ನು ನನ್ನ ಹೊಟ್ಟೆ ಕಲಿಯಿತು.

ಗಾಜಿನ ದೋಣಿ

ಸಮುದ್ರ ನೀಲಿಯೇ ಇತ್ತು. ಅಳಿಯನ ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ. ಬಗ್ಗಿ ಬೊಗಸೆಯಲ್ಲಿ ತೆಗೆದು ನೋಡಿದರೆ ನೀರಿಗೆ ಬಣ್ಣವೇ ಇಲ್ಲ. ನೀಲಮ್ಮನಿಗೆ ತೋರಿಸಿದೆ. ನಮ್ಮ ಬಾವಿಯ ನೀರೂ ಹಾಗೇ ಅಲ್ಲವೇ ಎಂದು ಆಕೆ ದೋಣಿ ಹತ್ತಿದಳು.

ದೋಣಿಯ ನಡುವೆ ತಳಕ್ಕೆ ಗಾಜು ಕೂರಿಸಿದ್ದರು. ಸುತ್ತ ಹಲಗೆಯ ಮೇಲೆ ಕೂತು ಕೆಳಗೆ ನೋಡಬೇಕು. ಜೀವಮಾನವೆಲ್ಲ ತಳ ನೋಡಿದವನಿಗೆ, ತಳವನ್ನು ತಾವಾಗಿ ತೋರಿಸುತ್ತೇವೆ ಎನ್ನುವವರನ್ನು ಕಂಡರೆ ಇನ್ನೂ ಹೆಚ್ಚಿನ ಸಂಶಯ. ಮೀನುಗಳು ಬಂದವು. ಹಳದಿ, ಕಪ್ಪು ಪಟ್ಟೆಯವು, ಮದುಮಗಳ ಕುಪ್ಪಸದಂಥ ಬಣ್ಣದವು. ಅಷ್ಟು ಸರಿಯಾಗಿ ಸಾಲಾಗಿ ಬರುತ್ತಿದ್ದುದನ್ನು ನೋಡಿ, ಗಾಜಿನ ಕೆಳಗೆ ಸಿನಿಮಾದ ಪರದೆ ಇಟ್ಟಿದ್ದಾರೇನೋ ಎಂದುಕೊಂಡೆ. ಚೀಲದಿಂದ ಖಡಕ್ ರೊಟ್ಟಿಯ ಚೂರು ತೆಗೆದು, ಅಂಬಿಗ ಆ ಕಡೆ ತಿರುಗಿದ್ದಾಗ ಬದಿಯಿಂದ ನೀರಿಗೆ ಹಾಕಿದೆ. ಪಟ್ಟೆಯ ಮೀನೊಂದು ಗಾಜಿನಡಿಗೆ ಬಂದು ಅದನ್ನು ಕಚ್ಚಿತು. ಬ್ಯಾಡಗಿಯ ಜೋಳದ ರೊಟ್ಟಿ ತಿನ್ನುವ ಮೀನು ಪರದೆಯ ಮೀನಾಗಿರಲಾರದು. ಅಂಬಿಗ ನೋಡಿಬಿಟ್ಟ. ಮತ್ತೆ ಹಾಕಬೇಡಿ ಎಂದು ಮೆತ್ತಗೆ ಹೇಳಿದ.

ಆಮೇಲೆ ಹವಳ ಬಂತು. ಇದೇ ಎಂದು ಅಂಬಿಗ ಎಂಜಿನ್ ನಿಲ್ಲಿಸಿದ. ನಾನು ಕೆಂಪಿಗಾಗಿ ಹುಡುಕಿದೆ. ಕಂಡದ್ದು ಕಂದು ಬಣ್ಣದ ಗುಡ್ಡೆಗಳು, ಹಸಿರು ಕಂದು ಕೊಂಬೆಗಳು, ಬಿಸಿಲಿಗೆ ಬಾಡಿದ ಹೂಕೋಸಿನಂಥವು. ಒಂದೂ ಕೆಂಪಿಲ್ಲ. ನನಗೆ ಮೈ ಉರಿಯಿತು. ಇದಕ್ಕಾಗಿ ಸಮುದ್ರ ದಾಟಿದೆವೇ? ಈಕೆ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು, ಅದಕ್ಕೂ ಬೇರೆ ಮಾಲು ತೋರಿಸಿದರು ಎಂದು ಸಂಕಟವಾಯಿತು. ಅಂಬಿಗನ ಮೇಲೆ ಹರಿಹಾಯ್ದೆ. ಆತ ಸಿಟ್ಟಾಗಲಿಲ್ಲ. ಒಡವೆಗೆ ಹಾಕುವ ಕೆಂಪು ಹವಳ ಬೇರೆ ಸಮುದ್ರದ್ದು, ಬಹಳ ಆಳದ್ದು, ಇಲ್ಲಿರುವುದು ಈ ಜಾತಿ. ಕಲ್ಲಿನ ಹಾಗೆ ಕಂಡರೂ ಇದರಲ್ಲಿ ಜೀವವಿದೆ, ಮುಟ್ಟಿದರೂ ನೋವಾಗುತ್ತದೆ ಎಂದ.

ನೀಲಮ್ಮನ ಕಡೆ ನೋಡಲಿಕ್ಕೆ ನನಗೆ ಧೈರ್ಯವಾಗಲಿಲ್ಲ. ನೋಡಿದಾಗ ಆಕೆ ಗಾಜಿನ ಮೇಲೆ ಎರಡೂ ಅಂಗೈ ಊರಿ ಬಗ್ಗಿದ್ದಳು. ಮುಖದಲ್ಲಿ ಬೇಸರವಿರಲಿಲ್ಲ.

"ಜೀವ ಐತಂತ್ರಿ ಇದಕ್ಕ. ಇನ್ನಷ್ಟು ಹೊತ್ತು ನಿಂದ್ರಸಾಕ ಹೇಳ್ರಿ."

ದೋಣಿಯಲ್ಲಿದ್ದ ಉಳಿದವರು ಗಡಿಯಾರ ನೋಡಿಕೊಂಡರು. ಅಂಬಿಗ ನಿಲ್ಲಿಸಿದ. ಬಗ್ಗಿದ್ದರಿಂದ ಅವಳ ತಾಳಿ ಹೊರಗೆ ಜೋತು ಬಿದ್ದಿತ್ತು. ಅಂಬಿಗ ಅದನ್ನು ನೋಡಿ, ಇಗೋ ಕೆಂಪು ಹವಳ ನಿಮ್ಮ ಹತ್ತಿರವೇ ಇದೆಯಲ್ಲ ಎಂದು ನಗುತ್ತ ಬಗ್ಗಿದ. ಆಕೆ ಥಟ್ಟನೆ ಮುಷ್ಟಿಯಲ್ಲಿ ಮುಚ್ಚಿ ಸೆರಗಿನೊಳಗೆ ಸೇರಿಸಿದಳು. ಅಂಬಿಗನನ್ನು ಈಕೆಯೂ ನಂಬಲಿಲ್ಲ, ನನ್ನ ಸಂಗಡ ಇದ್ದೂ ಇದ್ದೂ ಕಲಿತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು.

ಇಳಿದ ಮೇಲೆ ದಂಡೆಯ ಮರಳಿನಲ್ಲಿ ಬಿಳಿ ಕೊಂಬೆಯ ಚೂರೊಂದು ಬಿದ್ದಿತ್ತು. ಸತ್ತ ಹವಳ. ಎತ್ತಿ ಮೂಸಿದೆ, ಉಗುರಿನಿಂದ ಕೆರೆದೆ, ಕರವಸ್ತ್ರದಲ್ಲಿ ಕಟ್ಟಿದೆ. ಅಳಿಯನ ಟೇಬಲ್ಲಿನ ಮೇಲೆ ಇಡಬೇಕಿತ್ತಲ್ಲ. ಮಾಲು ನೋಡಿದವನು ಮಾದರಿ ತಾರದೆ ಬಂದರೆ ನಮ್ಮ ಪೇಟೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ.

ವಿಮಾನ ನಿಲ್ದಾಣ

ಹೊರಡುವ ದಿನ ನಿಲ್ದಾಣದಲ್ಲಿ ಒಂದು ದೊಡ್ಡ ಬೋರ್ಡು ಕಂಡೆ. ಶಂಖ, ಹವಳಗಳ ಚಿತ್ರ, ಅವುಗಳ ಮೇಲೆ ಅಡ್ಡ ಗೀಟು. ಒಯ್ಯಬಾರದು ಎಂದು ಅರ್ಥ. ಅಂಗಡಿಯಲ್ಲಿ ನಮ್ಮಿಂದ ಕೊಳ್ಳಿಸಲಿಕ್ಕೆ ಮಾಡಿದ ಹಂಚಿಕೆ ಎಂದು ನನಗೆ ಅನಿಸಿತು. ಮೂಲೆಗೆ ಹೋಗಿ ಕರವಸ್ತ್ರದ ಗಂಟನ್ನು ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ನೀಲಮ್ಮನ ಇಳಕಲ್ ಸೀರೆ ಮಡಿಸಿಟ್ಟೆ. ನೋಡುವವನಿಗೆ ಮೊದಲು ಚಂದದ್ದು ಕಾಣಬೇಕು.

ತಪಾಸಣೆಯ ಅಧಿಕಾರಿ ಸೀರೆಯನ್ನು ನೋಡಲೇ ಇಲ್ಲ. ನೇರವಾಗಿ ತೋಳಿಳಿಸಿ ತಳಕ್ಕೆ ಕೈ ಹಾಕಿದ. ಗಂಟು ಬಿಚ್ಚಿದ ಕೂಡಲೆ ಆತನಿಗೆ ಸೀನು ಬಂತು. ವರ್ಷಾನುಗಟ್ಟಲೆ ಮೆಣಸಿನಕಾಯಿ ಕಟ್ಟಿದ ಕರವಸ್ತ್ರ ಅದು. ಆತ ಸೀನುತ್ತಲೇ ಹವಳವನ್ನು ಎತ್ತಿ ಬದಿಗಿಟ್ಟ, ಸೀನುತ್ತಲೇ ನನ್ನನ್ನು ಪಕ್ಕದ ಕೋಣೆಗೆ ಕರೆದ. ಇದನ್ನು ಒಯ್ಯುವುದು ಅಪರಾಧ, ಗೊತ್ತಿರಲಿಲ್ಲವೇ ಎಂದು ಕೇಳಿದ. ಮಾದರಿ, ಬರೇ ಮಾದರಿ ಎಂದೆ. ಯಾರಿಗೆ ಮಾದರಿ ಎಂದು ಕೇಳಿದ. ಅಲ್ಲಿಗೆ ನಾನು ಹವಳದ ವ್ಯಾಪಾರಿಯಾಗಿಬಿಟ್ಟೆ.

ಆಗ ಒಳಗೆ ಬಂದ ಅಧಿಕಾರಿಣಿಯೊಬ್ಬಳು ನೀಲಮ್ಮನ ಕೊರಳು ನೋಡಿದಳು. ಸೀರೆ ಉಟ್ಟವರನ್ನು ಕಂಡು ಬೆಳೆದವಳು, ಹಿಂದಿ ಬರುತ್ತಿತ್ತು. ಇದನ್ನೂ ಇಲ್ಲೇ ಮಾಡಿಸಿದ್ದೇ, ತೆಗೆದು ಕೊಡಿ ನೋಡುತ್ತೇನೆ ಎಂದಳು. ನೀಲಮ್ಮ ಗೋಡೆಗೆ ಆತು ನಿಂತಳು. ಎರಡೂ ಕೈಯಿಂದ ತಾಳಿ ಹಿಡಿದಿದ್ದಳು. ಇದು ತಾಳಿ, ಗಂಡ ಬದುಕಿರುವವರೆಗೆ ತೆಗೆಯುವುದಿಲ್ಲ ಎಂದು ನಾನು ಹೇಳಿದೆ. ಆಕೆಗೂ ಅದು ತಿಳಿಯಿತು. ಕೊರಳಲ್ಲೇ ಇರಲಿ ಎಂದು ಭೂತಗನ್ನಡಿ ತಂದು, ಕೆಂಪು ಮಣಿಯನ್ನು ತಿರುವಿ ತಿರುವಿ ನೋಡಿ, ಮುಗುಳ್ನಕ್ಕು ಕೈಬಿಟ್ಟಳು. ಏನೂ ತೊಂದರೆಯಿಲ್ಲ, ಇದು ಹವಳವಲ್ಲ, ಗಾಜು ಎಂದಳು.

ಅಷ್ಟಕ್ಕೆ ಕೈಮುಗಿದು ಹೊರಟಿದ್ದರೆ ಮುಗಿದಿತ್ತು. ನನಗೆ ತಡೆಯಲಾಗಲಿಲ್ಲ. ಲೋಕದಲ್ಲಿ ನಾನು ತಳಕ್ಕೆ ಕೈ ಹಾಕದೆ ನಂಬಿದ್ದು ಅದೊಂದನ್ನೇ. ಗಾಜಲ್ಲ, ಖರೇ ಹವಳ, ನಮ್ಮ ಮಾವನವರು ಕೊಟ್ಟದ್ದು, ಅಗಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ ಎಂದು ದನಿಯೇರಿಸಿದೆ. ಸೀನುತ್ತಿದ್ದ ಅಧಿಕಾರಿ ಮತ್ತೆ ಪೆನ್ನು ತೆಗೆದ. ನಾನೇ ನನ್ನ ಹೆಂಡತಿಯ ಕೊರಳನ್ನು ಅಪರಾಧಕ್ಕೆ ಒಪ್ಪಿಸುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನೀಲಮ್ಮ ನನ್ನ ತೋಳು ಹಿಡಿದಳು.

"ಸುಮ್ನ ನಿಂದರ್ರಿ. ಆಕಿ ಹೇಳೂದು ಖರೇ ಐತಿ. ಅವು ಗಾಜು."

ಅವರು ನನ್ನ ಬಿಳಿ ಚೂರನ್ನು ಇಟ್ಟುಕೊಂಡು, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಹೇಳಿ ಕಳಿಸಿದರು.

ಮರಳುವ ವಿಮಾನ

ಮೊದಲು ನನಗೆ ಬಂದದ್ದು ಸಿಟ್ಟು. ಮಾವನವರು ತೀರಿಹೋಗಿದ್ದಾರೆ, ಅತ್ತೆಯವರೂ ಇಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಕೂತೆ. ಈ ಸಲ ಸೀಟಿನ ಕೆಳಗೆ ಕೈ ಹಾಕುವ ಮನಸ್ಸೂ ಆಗಲಿಲ್ಲ. ನೀಲಮ್ಮ ಕೆಳಗೆ ಸಮುದ್ರ ಮರೆಯಾಗುವವರೆಗೂ ನೋಡಿ, ಆಮೇಲೆ ಮೆತ್ತಗೆ ಹೇಳತೊಡಗಿದಳು.

ಮದುವೆಯ ಮುಂಜಾನೆ ಹಂದರದಲ್ಲಿ ನನ್ನಪ್ಪ ತಕ್ಕಡಿ ತರಿಸಿ ಅಗಡಿಯವರು ತಂದ ಬಂಗಾರ ತೂಗಿಸಿದ್ದ, ಒರೆಗಲ್ಲಿಗೆ ತಿಕ್ಕಿಸಿದ್ದ. ಅದು ನನಗೂ ನೆನಪಿದೆ, ನಾನೇ ತಕ್ಕಡಿ ಹಿಡಿದಿದ್ದೆ. ಹೀಗೆ ನೋಡುತ್ತಾರೆಂದು ಅಗಡಿಯವರಿಗೆ ಮೊದಲೇ ಗೊತ್ತಿತ್ತಂತೆ. ಇದ್ದದ್ದನ್ನೆಲ್ಲ ಬಂಗಾರಕ್ಕೆ ಹಾಕಿದರು. ಹವಳಕ್ಕೆ ಏನೂ ಉಳಿಯಲಿಲ್ಲ. ನೀಲಮ್ಮನ ಅವ್ವ ಹಾವೇರಿಯ ಸಂತೆಯಿಂದ ಎರಡು ಗಾಜಿನ ಮಣಿ ತಂದು ಪೋಣಿಸಿ, ಯಾರಿಗೂ ಹೇಳಬೇಡ, ಹವಳವನ್ನು ಯಾರೂ ತೂಗುವುದಿಲ್ಲ ಎಂದು ಮಗಳ ಕೊರಳು ನೇವರಿಸಿದ್ದಳು.

"ಊಟಕ್ಕ ಕುಂತಾಗ ನೀವು, ಇವತ್ತ ಅವನ ಚೀಲದ ತಳಾ ಹಿಡದೆ, ಇವನ್ನ ಹಿಡದೆ ಅಂತ ಹೇಳತಿದ್ರಿ. ಆವಾಗೆಲ್ಲ ನನ್ನ ಕೈ ಕೊಳ್ಳಾಗ ಹೋಗತಿತ್ತು. ಇವತ್ತ ಕೇಳತಾರ, ನಾಳೆ ಕೇಳತಾರ ಅಂತ ಕಾಯ್ದೆ. ನೀವು ಇದನ್ನೊಂದ ಕೇಳಲಿಲ್ಲ."

ಹಾಗಾದರೆ ಸಮುದ್ರ ಯಾಕೆ ಬೇಕಿತ್ತು ಎಂದು ಕೇಳಿದೆ. ಆ ಪ್ರಶ್ನೆಗಾಗಿಯೇ ನಾನು ಹೊರಟಿದ್ದೆ ಎಂಬುದು ಮರೆತೇ ಹೋಗಿತ್ತು.

"ಖರೇದು ಹೆಂಗಿರತೈತಿ ಒಮ್ಮೆ ನೋಡಬೇಕಿತ್ರಿ. ನೋಡಿದೆ. ಅದು ಅಲ್ಲೇ ಚಂದೈತಿ."

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾನು ಪೇಟೆಯ ಪರಾಕ್ರಮ ಹೇಳಿಕೊಂಡು ರೊಟ್ಟಿ ಮುರಿಯುತ್ತಿದ್ದಾಗ, ಒಂದು ಮೊಳದ ದೂರದಲ್ಲಿ ಬಡಿಸುತ್ತ ಕೂತವಳು ಹೆದರಿಕೊಂಡಿದ್ದಳು. ಅದನ್ನು ನೆನೆದು ಕಣ್ಣು ತುಂಬಿತು. ಆಕೆ ಚೀಲದಿಂದ ಉಳಿದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಕೊಟ್ಟಳು. ತಿರುವಿ ನೋಡದೆ ತಿಂದೆ.

ಹಾವೇರಿ

ಅಳಿಯ ಮಾದರಿ ಎಲ್ಲಿ ಎಂದು ಕೇಳಿದ. ಸಮುದ್ರ ನೀಲಿ ಇದೆ, ಏಜೆಂಟ ಹೇಳಿದ್ದೆಲ್ಲ ಸರಿ ಇದೆ ಎಂದೆ. ಮಾವನಿಗೆ ಮೈಯಲ್ಲಿ ಸರಿಯಿಲ್ಲ ಎಂದುಕೊಂಡು ಆತ ಮಗಳ ಮುಖ ನೋಡಿದ.

ಆ ವಾರವೇ ನೀಲಮ್ಮನನ್ನು ಹಾವೇರಿಗೆ, ನಮ್ಮ ಮನೆತನಕ್ಕೆ ಒಡವೆ ಮಾಡುವ ಮುದಿ ಪತ್ತಾರನ ಹತ್ತಿರ ಕರೆದುಕೊಂಡು ಹೋದೆ. ಅಸಲಿ ಹವಳ ತೋರಿಸಲು ಹೇಳಿದೆ. ಆತ ಬಿಳಿ ಬಟ್ಟೆಯ ಮೇಲೆ ಕೆಂಪು ಮಣಿಗಳನ್ನು ಸುರುವಿದ. ನಾನು ಸೂಜಿ ಕಾಸಿ ಪರೀಕ್ಷೆ ಮಾಡುವವನೆಂದು ಅವನಿಗೆ ಗೊತ್ತು, ದೀಪವನ್ನೂ ಹತ್ತಿರ ಸರಿಸಿದ. ನೀಲಮ್ಮ ಮಣಿಗಳನ್ನು ಬೆರಳಿನಿಂದ ಹರಡಿ ನೋಡಿ, ಒಂದನ್ನೂ ಎತ್ತದೆ, ಎಲ್ಲವನ್ನೂ ಅವನ ಕಡೆ ಹಿಂದಕ್ಕೆ ಸರಿಸಿದಳು. ಇವು ಬೇಡ, ಹಳೆಯವನ್ನೇ ಹೊಸ ದಾರದಲ್ಲಿ ಗಟ್ಟಿ ಪೋಣಿಸಿಕೊಡು, ಅವ್ವ ಕೊಟ್ಟದ್ದು ಎಂದಳು. ಪೋಣಿಸುವಷ್ಟು ಹೊತ್ತು ಕೊರಳು ಬರಿದಾಗದಿರಲೆಂದು ಅರಿಷಿಣ ಕೊಂಬಿನ ದಾರ ಕಟ್ಟಿಕೊಂಡು, ತಾಳಿ ತೆಗೆದು ಅವನ ಕೈಗೆ ಕೊಟ್ಟಳು.

ಪತ್ತಾರ ಗಾಜಿನ ಮಣಿಯನ್ನು ಬೆಳಕಿಗೆ ಹಿಡಿದ. ಒಂದು ಸಲ ಅದನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ನೀಲಮ್ಮ ತಲೆ ತಗ್ಗಿಸಿದಳು.

"ಧಣ್ಯಾರ, ಇವು ಖರೇ ಹವಳ ಏನ್ರಿ?"

"ಹೌದಪ್ಪ" ಎಂದೆ. "ಖರೇವ. ಪೋಣಸು."